ಬೆಸುಗೆ ಬಿಟ್ಟಾಗ ಹೊಣೆ ಯಾರದು?

ಕಬ್ಬು ಕಟಾವಿನ ದಿನಗಳಲ್ಲಿ ನಮ್ಮ ಯಾವುದೇ ತಾಲೂಕು ಪೇಟೆಯ ವೆಲ್ಡಿಂಗ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಈ ಮಾತುಕತೆ ಕಿವಿಗೆ ಬೀಳುತ್ತದೆ. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಕೊಂಡಿ ಬಿರುಕು ಬಿಟ್ಟಿದೆ. ರೈತ ಅವಸರದಲ್ಲಿದ್ದಾನೆ.

"ಭಾಯ್, ಇವತ್ತೊಂದು ಟ್ರಿಪ್ ಹೋಗಿ ಬಂದ್ರೆ ಸಾಕು. ಒಂಚೂರು ವೆಲ್ಡಿಂಗ್ ಎಳೆದುಕೊಡಿ."

"ಗೌಡ್ರೇ, ಇದು ಹಿಂದೆಯೂ ಎರಡು ಸಲ ವೆಲ್ಡ್ ಆಗಿದೆ. ತಡೆಯಲ್ಲ. ಹೊಸದು ಹಾಕ್ಸಿ."

"ನಂದು ಜವಾಬ್ದಾರಿ, ನೀವು ಹಾಕಿ."

ರಾಡ್ ಉರಿಯುತ್ತದೆ, ನೂರೋ ಇನ್ನೂರೋ ರೂಪಾಯಿ ಕೈ ಬದಲಾಗುತ್ತದೆ, ಟ್ರ್ಯಾಕ್ಟರ್ ಹೊರಡುತ್ತದೆ. ಬಹಳಷ್ಟು ಸಲ ಏನೂ ಆಗುವುದಿಲ್ಲ. ಆದರೆ ಒಂದು ದಿನ ಏರಿನಲ್ಲಿ ಕೊಂಡಿ ಕಳಚಿ, ಹತ್ತಾರು ಟನ್ ಕಬ್ಬು ಹೊತ್ತ ಟ್ರಾಲಿ ಹಿಂದಕ್ಕೆ ಉರುಳಿ, ಬೈಕಿನಲ್ಲಿ ಬರುತ್ತಿದ್ದ ಯಾರನ್ನೋ ಬಲಿ ತೆಗೆದುಕೊಂಡರೆ? "ನಂದು ಜವಾಬ್ದಾರಿ" ಎಂದ ಗೌಡರ ಆ ಮಾತು ಆಗ ಎಲ್ಲಿ ನಿಲ್ಲುತ್ತದೆ? ಸತ್ತವನ ಹೆಂಡತಿ ಮಕ್ಕಳು ಯಾರನ್ನು ಕೇಳಬೇಕು? ಟ್ರಾಲಿಯ ಮಾಲಕನನ್ನೇ, ಬೆಸುಗೆ ಹಾಕಿದವನನ್ನೇ?

ಇದು ಒಂದು ಅಂಗಡಿಯ ಸಮಸ್ಯೆಯಲ್ಲ. ನಮ್ಮ ಸಮುದಾಯದಲ್ಲಿ ಸ್ವಂತ ದುಡಿಮೆಯನ್ನೇ ನಂಬಿ ಬದುಕುವವರ ಪ್ರಮಾಣ ಹೆಚ್ಚೆಂದು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿತ್ತು. ಗ್ಯಾರೇಜು, ಟಿಂಕರಿಂಗ್, ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿಯುವ ಹುಡುಗರನ್ನು ನಾವು ದಿನವೂ ಕಾಣುತ್ತೇವೆ. ಅವರಿಗೆ ಕೈಕೆಲಸ ಕಲಿಸುವ ಉಸ್ತಾದ್ ಇದ್ದಾನೆ. ಕೆಲಸದ ಹೊಣೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಲಿಸುವವರು ಮಾತ್ರ ವಿರಳ. ಈ ಪ್ರಶ್ನೆಯನ್ನು ಮನುಷ್ಯ ನಾಲ್ಕು ಸಾವಿರ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾನೆ. ಆ ಚರಿತ್ರೆಯ ಕೆಲವು ಪುಟಗಳನ್ನು ತಿರುವಿದರೆ ಗೌಡರ ಮಾತಿನ ಬೆಲೆ ಎಷ್ಟೆಂದು ತಿಳಿಯುತ್ತದೆ.

ಒಂದು ವರ್ಷದ ಗ್ಯಾರಂಟಿ

ಕ್ರಿ.ಪೂ. 18ನೇ ಶತಮಾನದಲ್ಲಿ ಬಾಬಿಲೋನನ್ನು ಆಳಿದ ಹಮ್ಮುರಾಬಿಯ ಶಾಸನ ಕಪ್ಪು ಕಲ್ಲಿನ ಮೇಲೆ ಕೆತ್ತಲ್ಪಟ್ಟಿತು. 1901ರಲ್ಲಿ ಇಂದಿನ ಇರಾನಿನ ಸೂಸಾದಲ್ಲಿ ಸಿಕ್ಕಿದ ಆ ಕಲ್ಲು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂಬ ಕಟ್ಟಳೆಯಿಂದ ಆ ಶಾಸನ ಪ್ರಸಿದ್ಧ. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅದರದೇ ಇನ್ನೊಂದು ಕಟ್ಟಳೆ. ದೋಣಿಯ ಸಂದುಗಳನ್ನು ಮುಚ್ಚಿ ನೀರು ಸೋರದಂತೆ ಮಾಡಿಕೊಟ್ಟವನ ಕೆಲಸ ಗಟ್ಟಿಯಿಲ್ಲದೆ ಅದೇ ವರ್ಷ ದೋಣಿ ಕೆಟ್ಟರೆ, ಅವನೇ ಅದನ್ನು ಬಿಚ್ಚಿ ಸ್ವಂತ ಖರ್ಚಿನಲ್ಲಿ ಭದ್ರಪಡಿಸಿಕೊಡಬೇಕು.

ಅಂದರೆ ಒಂದು ವರ್ಷದ ಗ್ಯಾರಂಟಿ! ಕೂಲಿ ಪಡೆದ ಮಾತ್ರಕ್ಕೆ ಕಸುಬುದಾರನ ಹೊಣೆ ಮುಗಿಯುವುದಿಲ್ಲ, ಅವನ ಕೈಯಿಂದ ಹೊರಟ ವಸ್ತುವಿನ ಜೊತೆ ಅದೂ ಸಾಗುತ್ತದೆ ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಅಮಾನತ್ತೇ, ಜಾಮೀನೇ?

ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ಈ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದರು. ಕೂಲಿಗೆ ದುಡಿಯುವವರನ್ನು ಅವರು ಎರಡು ಬಗೆಯಾಗಿ ವಿಂಗಡಿಸಿದರು. ಒಬ್ಬನೇ ಯಜಮಾನನ ಕೈಕೆಳಗೆ ದುಡಿಯುವವನು ಅಜೀರ್ ಖಾಸ್. ಅಂಗಡಿ ತೆರೆದು ಬಂದವರೆಲ್ಲರ ಕೆಲಸ ಮಾಡಿಕೊಡುವ ದರ್ಜಿ, ಬಣ್ಣಗಾರ, ಅಗಸ, ಕಮ್ಮಾರ ಮೊದಲಾದವರು ಅಜೀರ್ ಮುಶ್ತರಕ್. ಗ್ರಾಹಕನ ವಸ್ತು ಇವರ ಕೈಯಲ್ಲಿದ್ದಾಗ ಹಾಳಾದರೆ ಯಾರು ತೆರಬೇಕು?

ಇಮಾಮ್ ಅಬೂ ಹನೀಫಾ ಅವರ ದೃಷ್ಟಿಯಲ್ಲಿ ಆ ವಸ್ತು ಒಂದು ಅಮಾನತ್ತು. ಕಸುಬುದಾರನ ತಪ್ಪಿಲ್ಲದೆ ಅದು ಕಳವಾದರೆ ಅವನು ಹೊಣೆಯಲ್ಲ. ಆದರೆ ಅವನ ಕೆಲಸದಿಂದಲೇ ಹಾನಿಯಾದರೆ, ಉದಾಹರಣೆಗೆ ಅಗಸ ಬಡಿದ ಹೊಡೆತಕ್ಕೆ ಬಟ್ಟೆ ಹರಿದರೆ, ಅವನು ತೆರಬೇಕು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಒಂದು ಹೆಜ್ಜೆ ಮುಂದೆ ಹೋದರು. ಊರಿಗೇ ಬೆಂಕಿ ಬಿದ್ದಂತಹ, ಯಾರಿಂದಲೂ ತಡೆಯಲಾಗದ ಆಪತ್ತನ್ನು ಬಿಟ್ಟು ಉಳಿದೆಲ್ಲ ನಷ್ಟಕ್ಕೂ ಕಸುಬುದಾರನೇ ಹೊಣೆ ಎಂದರು. ಕಸುಬುದಾರರನ್ನು ಹೊಣೆ ಮಾಡದಿದ್ದರೆ ಜನರ ವ್ಯವಹಾರ ಸರಿಯಾಗದು ಎಂಬ ಅಭಿಪ್ರಾಯ ಖಲೀಫಾ ಅಲೀ(ರ) ಅವರದೆಂದು ಉಲ್ಲೇಖಿಸಲಾಗುತ್ತದೆ. ಈ ಹೊಣೆಗೆ ಅವರು ಬಳಸಿದ ಪದ ಝಮಾನ್. ನಾವು ಕೋರ್ಟು ಕಚೇರಿಗಳಲ್ಲಿ ಬಳಸುವ 'ಜಾಮೀನು' ಅದೇ ಮೂಲದ ಪದ.

ಗುರುಶಿಷ್ಯರ ಈ ಭಿನ್ನಾಭಿಪ್ರಾಯ ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಒಂದು ಕಡೆ ಬಡ ಕಸುಬುದಾರ, ತನ್ನದಲ್ಲದ ತಪ್ಪಿಗೆ ಅವನ ಅಂಗಡಿ ಮುಚ್ಚಬಾರದು. ಇನ್ನೊಂದು ಕಡೆ ನಂಬಿ ವಸ್ತು ಕೊಟ್ಟ ಗ್ರಾಹಕ, ಅವನಿಗೆ ಮೋಸವಾಗಬಾರದು. ಈ ತಕ್ಕಡಿ ಇಂದಿಗೂ ತೂಗುತ್ತಲೇ ಇದೆ. ಉಸ್ಮಾನಿಯಾ ಸಾಮ್ರಾಜ್ಯ 1869ರಿಂದ 1876ರವರೆಗೆ ಸಿದ್ಧಪಡಿಸಿದ 'ಮಜಲ್ಲಾ' ಎಂಬ ನಾಗರಿಕ ಸಂಹಿತೆ, ಸಾರ್ವಜನಿಕ ಕಸುಬುದಾರನು ತನ್ನ ಕೆಲಸದಿಂದ ಉಂಟಾದ ಹಾನಿಗೆ, ತಪ್ಪಿರಲಿ ಇಲ್ಲದಿರಲಿ, ಹೊಣೆ ಎಂದು ಬರೆಯಿತು.

ಹಾನಿಯಾದ ಮೇಲೆ ವಸೂಲಿ ಮಾಡುವುದಷ್ಟೇ ಅಲ್ಲ, ಮೊದಲೇ ತಡೆಯುವ ಏರ್ಪಾಡೂ ಇತ್ತು. ಮಾರುಕಟ್ಟೆಗಳ ಮೇಲ್ವಿಚಾರಕನಾದ ಮುಹ್ತಸಿಬನಿಗಾಗಿ ಬರೆದ ಕೈಪಿಡಿಗಳಲ್ಲಿ 12ನೇ ಶತಮಾನದ ಸಿರಿಯಾದ ಅಶ್ಶೈಝರಿಯ ಗ್ರಂಥ ಪ್ರಸಿದ್ಧ. ಮೆದು ಕಬ್ಬಿಣದಲ್ಲಿ ಕತ್ತಿ ಕತ್ತರಿ ಮಾಡಿ ಉಕ್ಕೆಂದು ಮಾರದಂತೆ, ನೆಟ್ಟಗೆ ಮಾಡಿದ ಹಳೆಯ ಮೊಳೆಗಳನ್ನು ಹೊಸದರೊಂದಿಗೆ ಬೆರೆಸದಂತೆ ಕಮ್ಮಾರರ ಮೇಲೆ ಕಣ್ಣಿಡಬೇಕೆಂದು ಅದು ಹೇಳುತ್ತದೆ. ಹಳೆಯ ಮೊಳೆ ಮಾರುವುದು ತಪ್ಪಲ್ಲ, ಹಳೆಯದೆಂದು ಹೇಳದೆ ಮಾರುವುದು ತಪ್ಪು. ಓದುಗರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಮುಂದಿನ ಕತೆಯೆಲ್ಲ ಇದರ ಸುತ್ತಲೇ ಇದೆ.

ಕುಂಟನಾದ ಸಾರಥಿ, ನಿಂತುಹೋದ ಗಿರಣಿ

ಇಂದು ನಮ್ಮ ನ್ಯಾಯಾಲಯಗಳು ಬಳಸುವ ತತ್ವಗಳು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದವು. ಅಲ್ಲಿ ಆರಂಭ ಚೆನ್ನಾಗಿರಲಿಲ್ಲ. ಟಪಾಲು ಸಾಗಿಸುವ ಕುದುರೆಗಾಡಿಗಳನ್ನು ಒದಗಿಸಿ ಸುಸ್ಥಿತಿಯಲ್ಲಿಡುವ ಗುತ್ತಿಗೆಯನ್ನು ಒಬ್ಬನು ಅಂಚೆ ಇಲಾಖೆಯಿಂದ ಪಡೆದಿದ್ದ. ಗಾಡಿ ಮುರಿದು ಬಿತ್ತು, ಸಾರಥಿ ಜೀವಮಾನವಿಡೀ ಕುಂಟನಾದ. ಅವನು ಹೂಡಿದ ದಾವೆಯನ್ನು 1842ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ದುರಸ್ತಿಯ ಕರಾರು ಆದದ್ದು ಅಂಚೆ ಇಲಾಖೆಯ ಜೊತೆಗೆ, ಸಾರಥಿಯ ಜೊತೆಗಲ್ಲ ಎಂಬುದು ಅದರ ತರ್ಕ. ಒಬ್ಬನಿಗೆ ಬಾಗಿಲು ತೆರೆದರೆ ದಾರಿಹೋಕರೆಲ್ಲ ದಾವೆ ಹೂಡಿಯಾರು ಎಂಬ ಭಯ ನ್ಯಾಯಾಧೀಶರಿಗೆ. ನಮ್ಮ ಟ್ರಾಲಿಯ ಪ್ರಕರಣ ಆ ಕಾಲದಲ್ಲಿ ನಡೆದಿದ್ದರೆ ಬೈಕ್ ಸವಾರನ ಕುಟುಂಬ ವೆಲ್ಡರನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಿತ್ತು.

ಹನ್ನೆರಡು ವರ್ಷಗಳ ಬಳಿಕ, 1854ರಲ್ಲಿ, ದುರಸ್ತಿ ಕಸುಬಿಗೆ ಇಂದಿಗೂ ಉಪಯುಕ್ತವಾದ ಇನ್ನೊಂದು ತೀರ್ಪು ಬಂತು. ಗ್ಲಾಸ್ಟರ್ ನಗರದ ಹಿಟ್ಟಿನ ಗಿರಣಿಯೊಂದರ ಕ್ರ್ಯಾಂಕ್ ಶಾಫ್ಟ್ ಮುರಿದಿತ್ತು. ಅದೇ ಅಳತೆಯಲ್ಲಿ ಹೊಸದನ್ನು ಮಾಡಿಸಲು ಮುರಿದ ಶಾಫ್ಟನ್ನೇ ಮಾದರಿಯಾಗಿ ಗ್ರೀನಿಚ್‌ಗೆ ಕಳಿಸಲಾಯಿತು. ಸಾಗಣೆದಾರರು ತಡಮಾಡಿದರು. ಗಿರಣಿ ಅಷ್ಟು ದಿನ ಹೆಚ್ಚಿಗೆ ನಿಂತಿತು. ಆ ದಿನಗಳ ಲಾಭವನ್ನೆಲ್ಲ ತುಂಬಿಕೊಡಬೇಕೇ? ಬೇಕಾಗಿಲ್ಲ ಎಂದಿತು ನ್ಯಾಯಾಲಯ. ಸಹಜವಾಗಿ ಉಂಟಾಗುವ, ಅಥವಾ ಕರಾರಿನ ಸಮಯದಲ್ಲಿ ಇಬ್ಬರ ಅರಿವಿನಲ್ಲೂ ಇದ್ದ ನಷ್ಟಕ್ಕೆ ಮಾತ್ರ ಹೊಣೆ. ಶಾಫ್ಟ್ ಬರದಿದ್ದರೆ ಇಡೀ ಗಿರಣಿಯೇ ನಿಲ್ಲುತ್ತದೆ ಎಂಬ ವಿಶೇಷ ಸಂಗತಿ ಸಾಗಣೆದಾರರಿಗೆ ಗೊತ್ತಿದ್ದರೆ ಮಾತು ಬೇರೆಯಾಗುತ್ತಿತ್ತು. 1872ರ ಭಾರತೀಯ ಕರಾರು ಕಾಯಿದೆಯ 73ನೇ ಕಲಮಿನಲ್ಲಿ ಈ ತತ್ವವೇ ಇದೆ.

ಇಲ್ಲಿಯೂ ನಿರ್ಣಾಯಕವಾದದ್ದು ಕೆಲಸಕ್ಕೆ ಮೊದಲು ಆಡಿದ, ಆಡದೇ ಉಳಿದ ಮಾತು.

ಒಂದು ತೇಪೆಯ ಬೆಲೆ

1865ರ ಏಪ್ರಿಲ್. ಅಮೆರಿಕದ ಅಂತರ್ಯುದ್ಧ ಮುಗಿದಿತ್ತು. ಬಿಡುಗಡೆಯಾದ ಸೈನಿಕರನ್ನು ಊರಿಗೆ ಸಾಗಿಸಲು ಮಿಸಿಸಿಪ್ಪಿ ನದಿಯ ಹಡಗುಗಳಿಗೆ ಸರಕಾರ ತಲೆಗಿಷ್ಟು ಎಂದು ಹಣ ಕೊಡುತ್ತಿತ್ತು. 'ಸುಲ್ತಾನಾ' ಎಂಬ ಉಗಿಹಡಗು ವಿಕ್ಸ್‌ಬರ್ಗ್ ತಲುಪಿದಾಗ ಅದರ ಬಾಯ್ಲರೊಂದರ ತಗಡು ಉಬ್ಬಿ ಸೋರುತ್ತಿತ್ತು. ಕರೆಸಲಾದ ದುರಸ್ತಿಗಾರ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಸರಿಯಾಗಿ ಮಾಡಬೇಕೆಂದ. ಅದಕ್ಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಪ್ರಯಾಣಿಕರು ಬೇರೆ ಹಡಗಿನ ಪಾಲಾಗುತ್ತಾರೆಂಬ ಚಿಂತೆ ಕ್ಯಾಪ್ಟನ್‌ಗೆ. ಸದ್ಯಕ್ಕೆ ಒಂದು ತೇಪೆ ಸಾಕು, ಪೂರ್ತಿ ಕೆಲಸ ಆಮೇಲೆ ಎಂಬ ಒತ್ತಾಯಕ್ಕೆ ದುರಸ್ತಿಗಾರ ಮಣಿದ. ಮೂಲ ತಗಡಿಗಿಂತ ತೆಳುವಾದ ತುಂಡನ್ನು ರಿವೆಟ್ ಹೊಡೆದು ಕೂರಿಸಿದ. 376 ಮಂದಿಗೆ ಪರವಾನಗಿಯಿದ್ದ ಹಡಗಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಹತ್ತಿದರು. ಏಪ್ರಿಲ್ 27ರ ನಸುಕಿನಲ್ಲಿ ಮೆಂಫಿಸ್ ದಾಟಿದ ಮೇಲೆ ಬಾಯ್ಲರುಗಳು ಸಿಡಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಕ್ಯಾಪ್ಟನ್ ಕೂಡ ಸತ್ತ.

ತೇಪೆಯೊಂದೇ ಕಾರಣವಲ್ಲ. ಮಿತಿಮೀರಿದ ಭಾರ, ನೀರಿನ ಮಟ್ಟ, ಬಾಯ್ಲರಿನ ವಿನ್ಯಾಸ ಎಲ್ಲವೂ ಚರ್ಚೆಗೆ ಬಂದವು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಆ ದುರಸ್ತಿಗಾರನ ಸ್ಥಿತಿಯನ್ನು ನೋಡಿ. ಅವನಿಗೆ ತನ್ನ ಕಸುಬು ಗೊತ್ತಿತ್ತು. ಸರಿಯಾದುದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. ಹೇಳಿದ ಮೇಲೆ ಮಣಿದ. ನಮ್ಮ ಪೇಟೆಯ ವೆಲ್ಡರನಿಗೂ ಅವನಿಗೂ ಏನು ವ್ಯತ್ಯಾಸ?

ಬ್ರಿಟಿಷ್ ಭಾರತದಲ್ಲೂ ಇದೇ ಹೊತ್ತಿಗೆ ಎಚ್ಚರ ಮೂಡಿತ್ತು. 1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸ್ಫೋಟದ ಬಳಿಕ, 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯಿದೆ ಬಂತು. 1923ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಬಾಯ್ಲರ್ ಕಾಯಿದೆಯಾಯಿತು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಬಾಯ್ಲರಿಗೆ ಯಾರೆಂದರೆ ಅವರು ಬೆಸುಗೆ ಹಾಕುವಂತಿಲ್ಲ, ಅನುಮತಿ ಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾದ ವೆಲ್ಡರ್ ಬೇಕು. ಇಂದು ನಮ್ಮ ಅಂಗಡಿಗಳಲ್ಲಿ ಉರಿಯುವ ಲೇಪನದ ರಾಡ್ ಕೂಡ ಹುಟ್ಟಿದ್ದು ಇಂತಹ ದುರಸ್ತಿಯ ಅಗತ್ಯದಿಂದಲೇ. ಹಡಗುಗಳ ಸೋರುವ ಬಾಯ್ಲರುಗಳನ್ನು ಸರಿಪಡಿಸುವ ದಾರಿ ಹುಡುಕುತ್ತಿದ್ದ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಅದನ್ನು ರೂಪಿಸಿ, 1904ರಲ್ಲಿ ತನ್ನ ಕಂಪೆನಿಯನ್ನು ಸ್ಥಾಪಿಸಿದ.

ದಾರಿಹೋಕನಿಗೂ ಹಕ್ಕಿದೆ

ಸಾರಥಿಗೆ ಮುಚ್ಚಿದ್ದ ಬಾಗಿಲು ತೆರೆಯಲು ತೊಂಬತ್ತು ವರ್ಷ ಹಿಡಿಯಿತು. ಸ್ಕಾಟ್ಲೆಂಡಿನಲ್ಲಿ ಪಾನೀಯದ ಬಾಟಲಿಯೊಳಗೆ ಬಸವನಹುಳು ಸಿಕ್ಕಿತೆಂಬ ಪ್ರಕರಣದಲ್ಲಿ, ನೇರ ಕರಾರಿಲ್ಲದಿದ್ದರೂ ತನ್ನ ಅಜಾಗ್ರತೆಯಿಂದ ಯಾರಿಗೆ ಹಾನಿಯಾದೀತೆಂದು ಊಹಿಸಬಹುದೋ ಅವರಿಗೆಲ್ಲ ತಯಾರಕ ಹೊಣೆ ಎಂದು 1932ರಲ್ಲಿ ತೀರ್ಪಾಯಿತು. ಅದು ತಯಾರಕರ ಮಾತಾಯಿತು. ದುರಸ್ತಿ ಮಾಡುವವರು?

ಉತ್ತರ 1939ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಲಾರಿಯೊಂದರ ಚಕ್ರವನ್ನು ರಿಪೇರಿಗೆ ಕೊಡಲಾಗಿತ್ತು. ಗ್ಯಾರೇಜಿನವರು ಜೋಡಿಸಿಕೊಟ್ಟ ಚಕ್ರದ ಉಕ್ಕಿನ ಬಳೆ ರಸ್ತೆಯಲ್ಲಿ ಕಳಚಿ ಉರುಳಿ, ಪಾದಚಾರಿ ದಾರಿಯಲ್ಲಿದ್ದ ಮಹಿಳೆಯ ಕಾಲಿಗೆ ಬಡಿಯಿತು. ಬಲ್ಲವರಿಂದ ಕೆಲಸ ಮಾಡಿಸಿ ನಂಬಿದ್ದ ಲಾರಿ ಮಾಲಕ ಹೊಣೆಯಲ್ಲ, ಸರಿಯಾಗಿ ಜೋಡಿಸದ ದುರಸ್ತಿಗಾರನೇ ಹೊಣೆ ಎಂದಿತು ನ್ಯಾಯಾಲಯ. 1941ರಲ್ಲಿ ಲಿಫ್ಟ್ ಕುಸಿದು ಗಾಯಗೊಂಡ ಸಂದರ್ಶಕನ ಪ್ರಕರಣದಲ್ಲೂ ಅದೇ ತೀರ್ಮಾನವಾಯಿತು. ಕಟ್ಟಡದ ಮಾಲಕ ಪಾರಾದ, ಲಿಫ್ಟ್ ರಿಪೇರಿ ಮಾಡಿದವರು ತೆತ್ತರು. ಭಾರತದ ನ್ಯಾಯಾಲಯಗಳೂ ನಿರ್ಲಕ್ಷ್ಯದ ಈ ತತ್ವವನ್ನು ಒಪ್ಪಿಕೊಂಡಿವೆ.

ಈಗ "ನಂದು ಜವಾಬ್ದಾರಿ" ಎಂಬ ಮಾತಿಗೆ ಮರಳೋಣ. ಗೌಡರು ಹಾಗೆಂದು ತಮ್ಮ ಸ್ವಂತ ನಷ್ಟದ ಮಾತನ್ನು ಬಿಟ್ಟುಕೊಡಬಹುದು. ಆದರೆ ರಸ್ತೆಯಲ್ಲಿ ಬರುವ ಅಪರಿಚಿತನ ಪರವಾಗಿ ಕ್ಷಮಾಪಣೆ ಕೊಡುವ ಅಧಿಕಾರ ಅವರಿಗಿಲ್ಲ. ಬಿಲ್ಲಿನ ಅಡಿಯಲ್ಲಿ 'ನಾವು ಜವಾಬ್ದಾರರಲ್ಲ' ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುವವರಿಗೂ ಇದೇ ಮಾತು. ಆ ಬಿಲ್ಲನ್ನು ನೋಡದ, ಅದಕ್ಕೆ ಒಪ್ಪದ ದಾರಿಹೋಕನನ್ನು ಆ ಸಾಲು ಕಟ್ಟಿಹಾಕದು.

ನೆಲದ ಮೇಲಿನ ನಕ್ಷೆ

ಮುರಿದುದನ್ನು ಸರಿಪಡಿಸುವುದು ಒಂದಾದರೆ, ಸಂದರ್ಭಕ್ಕೆ ತಕ್ಕಂತೆ ಹೊಸದೊಂದನ್ನು ಮಾಡಿಕೊಡುವುದು ಇನ್ನೊಂದು. ಇದರ ಅಪಾಯಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯೇ ಸಾಕ್ಷಿ. 1974ರಲ್ಲಿ ಅಲ್ಲಿನ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತು. ಉತ್ಪಾದನೆ ನಿಲ್ಲಬಾರದೆಂದು ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಇಂಚಿನ ಪೈಪೊಂದನ್ನು ಬಾಗಿಸಿದಂತೆ ಜೋಡಿಸಲಾಯಿತು. ಒತ್ತಡದ ಲೆಕ್ಕವನ್ನು ಸರಿಯಾಗಿ ಹಾಕಿರಲಿಲ್ಲ. ಅದರ ನಕ್ಷೆಯೆಂದು ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ ಮಾತ್ರ. ಜೂನ್ 1ರ ಸಂಜೆ ಆ ಪೈಪ್ ಕಳಚಿ, ಹೊರಬಂದ ಅನಿಲ ಸಿಡಿದು 28 ಮಂದಿ ಸತ್ತರು. ಶನಿವಾರವಾಗಿದ್ದರಿಂದ ಕಚೇರಿ ಖಾಲಿಯಿತ್ತು, ಇಲ್ಲವಾದರೆ ಸಾವು ಎಷ್ಟೋ ಹೆಚ್ಚುತ್ತಿತ್ತು.

ನಮ್ಮ ಅಂಗಡಿಗಳಲ್ಲೂ ನಕ್ಷೆ ನೆಲದ ಮೇಲೆಯೇ ಇರುತ್ತದೆ. ಗೇಟಿಗೆ, ಕಿಟಕಿ ಗ್ರಿಲ್ಲಿಗೆ ಅಷ್ಟು ಸಾಕಾದೀತು. ನೀರಿನ ಟ್ಯಾಂಕ್ ಹೊರುವ ಸ್ಟ್ಯಾಂಡು, ಶಾಲೆಯ ಜೋಕಾಲಿ, ಬಾಲ್ಕನಿಯ ಕಂಬಿ, ಇವುಗಳಿಗೆ ಸಾಲದು. ಅಲ್ಲಿ ಜನರ ಜೀವ ಆ ಬೆಸುಗೆಗೆ ಆತುಕೊಂಡಿರುತ್ತದೆ.

ಇಂದು ನಮ್ಮ ಕಾನೂನು

ದುರಸ್ತಿಗೆ ಪಡೆದ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕೆಂದು ಕರಾರು ಕಾಯಿದೆಯ 151ನೇ ಕಲಮು ಹೇಳುತ್ತದೆ. ಅದೇ ಕಾಯಿದೆ ಕಸುಬುದಾರನ ಕೈಯನ್ನೂ ಹಿಡಿದಿದೆ. 170ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತನ್ನ ಶ್ರಮ, ಕೌಶಲ ಸುರಿದ ವಸ್ತುವನ್ನು ಮಜೂರಿ ಸಿಗುವವರೆಗೆ ಅವನು ತಡೆದಿಟ್ಟುಕೊಳ್ಳಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ಉತ್ಪನ್ನಕ್ಕೆ ಸಂಬಂಧಿಸಿ ಸೇವೆ ಕೊಡುವವನೂ ಹೊಣೆಗಾರರ ಪಟ್ಟಿಗೆ ಸೇರಿದ್ದಾನೆ. ಸೇವೆ ದೋಷಪೂರ್ಣವಾಗಿದ್ದರೆ ಮಾತ್ರವಲ್ಲ, ಹಾನಿ ತಪ್ಪಿಸಲು ಬೇಕಾದ ಸೂಚನೆ, ಎಚ್ಚರಿಕೆ ಕೊಡದಿದ್ದರೂ ಹೊಣೆ ಬರುತ್ತದೆ. ಹಳೆಯ ಮೊಳೆಯನ್ನು ಹಳೆಯದೆಂದು ಹೇಳಬೇಕೆಂಬ ಮಾತು ಎಂಟು ಶತಮಾನಗಳ ಬಳಿಕ ಕಾಯಿದೆಯ ಭಾಷೆಯಲ್ಲಿ ಬಂದಂತಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ವಿಷಯ ಪರಿಹಾರಕ್ಕೆ ನಿಲ್ಲುವುದಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗಿದ್ದ ಸೆರೆವಾಸ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಏರಿದೆ.

ಇದನ್ನು ಓದಿ ನಮ್ಮ ಕಸುಬುದಾರ ಬಂಧುಗಳು ಅಂಗಡಿ ಮುಚ್ಚಬೇಕೆಂದಲ್ಲ. ಕಾನೂನು ಕೇಳುವುದು ಸೋಲರಿಯದ ಕೆಲಸವನ್ನಲ್ಲ, ಕಸುಬು ಬಲ್ಲವನ ಸಹಜ ಜಾಗ್ರತೆಯನ್ನು. ಆ ಜಾಗ್ರತೆ ವಹಿಸಿದ್ದೇನೆಂದು ತೋರಿಸಲು ಒಂದಿಷ್ಟು ರೂಢಿ ಬೇಕು. ಬಿಲ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವುದು: ವಸ್ತು ಯಾವ ಸ್ಥಿತಿಯಲ್ಲಿ ಬಂತು, ಏನು ಮಾಡಲಾಯಿತು, ಏನು ಮಾಡಲಿಲ್ಲ, ಯಾವ ಕೆಲಸಕ್ಕೆ ಬಳಸಬಾರದು. ಅದಕ್ಕೆ ಗ್ರಾಹಕನ ಸಹಿ ಪಡೆಯುವುದು. ಕೆಲಸದ ಮೊದಲು ಮತ್ತು ನಂತರ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಡುವುದು. ಗ್ರಾಹಕನೇ ತಂದ ಕಬ್ಬಿಣವಾದರೆ, ಅಳತೆ ಅವನದೇ ಆದರೆ ಹಾಗೆಂದು ಬರೆಯುವುದು. ಭಾರ ಹೊರುವ ಕೆಲಸಕ್ಕೆ ಇಂಜಿನಿಯರನ ನಕ್ಷೆ ಕೇಳುವುದು. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸಲು ಸಾಧ್ಯವೇ ಎಂದು ವಿಚಾರಿಸುವುದು. ಇವು ನಿರ್ಲಕ್ಷ್ಯವನ್ನು ಮುಚ್ಚುವ ಪರದೆಗಳಲ್ಲ, ಪ್ರಾಮಾಣಿಕತೆಯ ಸಾಕ್ಷಿಗಳು.

ಇವೆಲ್ಲಕ್ಕಿಂತ ಮುಖ್ಯವಾದದ್ದು 'ಆಗಲ್ಲ' ಎನ್ನುವ ಧೈರ್ಯ. ಸ್ಟೀರಿಂಗ್, ಬ್ರೇಕಿನ ಭಾಗಗಳು, ಗ್ಯಾಸ್ ಸಿಲಿಂಡರು, ಪೂರ್ತಿ ತೊಳೆದು ಆವಿ ಹೋಗಲಾಡಿಸದ ಪೆಟ್ರೋಲ್ ಟ್ಯಾಂಕು ಬಂದಾಗ ಎಷ್ಟೇ ಪರಿಚಯದವರಾದರೂ ಕೈಮುಗಿದು ಕಳಿಸಬೇಕು. ಟ್ಯಾಂಕ್ ಸಿಡಿದರೆ ಮೊದಲು ಸಾಯುವವನು ಬೆಸುಗೆ ಹಾಕುವವನೇ, ಅವನ ಪಕ್ಕದಲ್ಲಿ ನಿಂತ ಕಲಿಯುವ ಹುಡುಗನೇ.

ಹಾಗೆಯೇ ಗ್ರಾಹಕರಾದ ನಾವೂ ಒಂದು ಮಾತು ಕೇಳಿಕೊಳ್ಳಬೇಕಾಗಿದೆ. ಇನ್ನೂರು ರೂಪಾಯಿ ಮಜೂರಿಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡಿ, ಹೊಸ ಕೊಂಡಿಯ ದುಡ್ಡು ಉಳಿಸಿ, ಅವಸರ ಮಾಡಿ ಕಸುಬುದಾರನಿಂದ ತೇಪೆ ಹಾಕಿಸುವವರು ನಾವು. ವಿಕ್ಸ್‌ಬರ್ಗಿನ ಕ್ಯಾಪ್ಟನ್ ಮಾಡಿದ್ದೂ ಅದನ್ನೇ. ದುರಂತ ನಡೆದ ದಿನ ಮಾತ್ರ ಬೆರಳು ವೆಲ್ಡರನ ಕಡೆ ತಿರುಗುತ್ತದೆ. ಒಬ್ಬ ಬಡವನ ಮೇಲೆ ಎಲ್ಲ ಭಾರ ಹೊರಿಸಿ ನಮ್ಮ ಪಾಲನ್ನು ಜಾರಿಸಿಕೊಳ್ಳುವುದು ನ್ಯಾಯವಲ್ಲ.

ಆ ಪೇಟೆಯ ಅಂಗಡಿಗೆ ಇನ್ನೊಬ್ಬ ಗೌಡರು ಬಂದು ಟ್ರಾಲಿ ನಿಲ್ಲಿಸಿ "ನಂದು ಜವಾಬ್ದಾರಿ" ಎಂದಾಗ, ಭಾಯಿ ರಾಡ್ ಕೆಳಗಿಟ್ಟು ಹೀಗೆ ಹೇಳಲಿ: "ಗೌಡ್ರೇ, ರಸ್ತೇಲಿ ಬರೋರಿಗೆ ನಾವಿಬ್ಬರೂ ಜವಾಬ್ದಾರರು. ಹೊಸ ಕೊಂಡಿ ತನ್ನಿ, ಸಂಜೆಯೊಳಗೆ ಕೂರಿಸಿಕೊಡ್ತೀನಿ." ಅಂದು ಅವರಿಗೆ ಒಂದು ಟ್ರಿಪ್ ತಪ್ಪೀತು, ಇವನಿಗೆ ಒಬ್ಬ ಗಿರಾಕಿ ತಪ್ಪಿಯಾನು. ರಸ್ತೆಯಲ್ಲಿ ಬರುವವನು ಮಾತ್ರ ತನಗೆ ತಿಳಿಯದೆಯೇ ಮನೆ ಸೇರುತ್ತಾನೆ.